ನಡತೆಯ ಪ್ರಮಾಣಪತ್ರವೆಂಬ ಅಸತ್ಯ

ಶಾಲೆಯ ಗೌರವವನ್ನು ಕಾಪಾಡುವುದೆಂದರೆ ಅಲ್ಲಿ ನಡೆದ ತಪ್ಪನ್ನು ಮುಚ್ಚಿಡುವುದೆಂದು ಭಾವಿಸಿರುವ ಆಡಳಿತ ಮಂಡಳಿಗಳು ಇಂದಿಗೂ ಇವೆ. ಶಿಕ್ಷಕನೊಬ್ಬನು ವಿದ್ಯಾರ್ಥಿನಿಯ ಮೇಲೆ ದೌರ್ಜನ್ಯವೆಸಗಿದನೆಂಬ ದೂರು ಬಂದಾಗ, ಆತನಿಂದ ರಾಜೀನಾಮೆ ಪಡೆದು, ‘ನಡತೆ ಉತ್ತಮ’ವೆಂದು ಬರೆದುಕೊಟ್ಟು ಕಳುಹಿಸಿದರೆ ಪ್ರಕರಣ ಮುಗಿಯಿತೆಂಬ ಸಮಾಧಾನ ಅವರದು. ಆದರೆ ಆ ಪತ್ರವನ್ನು ನಂಬಿ ಆತನನ್ನು ನೇಮಿಸಿಕೊಳ್ಳುವ ಮುಂದಿನ ಶಾಲೆಯ ಮಕ್ಕಳ ಗತಿಯೇನು? ಕಲಬೆರಕೆಯೆಂಬ ಶಂಕೆಯಿದ್ದೂ ಸರಕಿಗೆ ಶುದ್ಧವೆಂಬ ಮುದ್ರೆಯೊತ್ತುವ ವರ್ತಕನನ್ನು ಪೇಟೆ ಕ್ಷಮಿಸದು. ವಿದ್ಯಾಸಂಸ್ಥೆಗೆ ಮಾತ್ರ ಈ ವಿನಾಯಿತಿ ಏಕೆ?

ಮುಖ್ಯೋಪಾಧ್ಯಾಯರ ಧರ್ಮಸಂಕಟ ಸುಳ್ಳಲ್ಲ. ಒಂದೆಡೆ ಹತ್ತಾರು ವರ್ಷ ಜೊತೆಯಲ್ಲಿ ದುಡಿದ ಸಹೋದ್ಯೋಗಿ, ಆತನ ಮಡದಿ ಮಕ್ಕಳು. ಇನ್ನೊಂದೆಡೆ ನೊಂದ ಮಗು, ಹೆಸರು ಹೊರಬಿದ್ದೀತೆಂದು ಅಂಜುವ ತಂದೆತಾಯಿಗಳು. ಇವುಗಳ ಮೇಲೆ, ದಾಖಲಾತಿ ಕುಸಿದೀತೆಂದು ಎಚ್ಚರಿಸುವ ಕಾರ್ಯದರ್ಶಿ. ದೂರು ಸುಳ್ಳಾಗಿದ್ದರೆ ನಿರಪರಾಧಿಯ ಬಾಳು ಕೆಟ್ಟೀತೆಂಬ ಭಯವೂ ನ್ಯಾಯವಾದುದೇ.

ಆದರೆ ಮಾಹಿತಿ ನೀಡುವುದು ಬೇರೆ, ತೀರ್ಪು ನೀಡುವುದು ಬೇರೆ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿರುವುದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು; ಸದ್ಭಾವದಿಂದ ತಿಳಿಸಿದವರ ಮೇಲೆ ಹೊಣೆ ಬಾರದು. ತನ್ನ ಅಧೀನ ನೌಕರನ ಅಪರಾಧವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ 21ನೆಯ ಕಲಮು 1 ವರ್ಷದವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಮಗುವಿನ ಗುರುತನ್ನು ಮಾಧ್ಯಮಗಳು ಪ್ರಕಟಿಸದಂತೆ ಅದೇ ಕಾಯಿದೆ ತಡೆದಿದೆ. ಮಹಾರಾಷ್ಟ್ರದ ಶಾಲಾ ವಸತಿನಿಲಯವೊಂದರ ಪ್ರಕರಣದಲ್ಲಿ, ವಿಷಯ ತಿಳಿದೂ ಮೌನವಾಗಿದ್ದರೆಂಬ ಆರೋಪ ಹೊತ್ತ ವೈದ್ಯರ ಮೇಲಿನ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯ ರದ್ದುಪಡಿಸಿತ್ತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ರದ್ದತಿಯನ್ನೇ ತಳ್ಳಿಹಾಕಿತು.

ಶಿಕ್ಷಕನಿಗೂ ರಕ್ಷಣೆಯಿದೆ. ವಿಚಾರಣೆ ನಡೆಸದೆ, ಅಹವಾಲು ಕೇಳದೆ ವಜಾ ಮಾಡಲು 1983ರ ಕರ್ನಾಟಕ ಶಿಕ್ಷಣ ಕಾಯಿದೆ ಅವಕಾಶ ನೀಡುವುದಿಲ್ಲ. ಗುಟ್ಟಾದ ರಾಜೀನಾಮೆಯಿಂದ ಅಪರಾಧಿ ಶಿಕ್ಷೆಯಿಂದ ಪಾರಾಗುತ್ತಾನೆ. ನಿರಪರಾಧಿಯಾದರೋ ಕಳಂಕವನ್ನು ತೊಳೆದುಕೊಳ್ಳುವ ಅವಕಾಶವನ್ನೇ ಕಳೆದುಕೊಳ್ಳುತ್ತಾನೆ. ಇದನ್ನು ಕರುಣೆಯೆಂದು ಕರೆಯುವುದು ಆ ಪದಕ್ಕೆ ಮಾಡುವ ಅಪಚಾರ.

ತಡವಾಗಿ ಬರುವ, ಪಾಠದಲ್ಲಿ ಉದಾಸೀನ ತೋರುವ ಶಿಕ್ಷಕರನ್ನು ಬುದ್ಧಿಮಾತಿನಿಂದ ತಿದ್ದಬಹುದು. ಮಗುವಿನ ದೇಹ ಮನಸ್ಸುಗಳಿಗೆ ತಗುಲಿದ ಗಾಯ ಆ ಸಾಲಿಗೆ ಸೇರದು. ಆದುದರಿಂದ ಶಾಲೆಗಳನ್ನು ನಡೆಸುವ ಟ್ರಸ್ಟಿನ ಮಹನೀಯರಲ್ಲಿ ವಿನಂತಿ: ಇಂತಹ ದೂರು ಬಂದೊಡನೆ ಮುಖ್ಯೋಪಾಧ್ಯಾಯರು ಮಂಡಳಿಯ ಅನುಮತಿಗೆ ಕಾಯದೆ ಪೊಲೀಸರಿಗೆ ತಿಳಿಸತಕ್ಕದ್ದು, ವಿಚಾರಣೆ ಮುಗಿಯುವ ಮೊದಲು ನಡತೆಯ ಪ್ರಮಾಣಪತ್ರ ಕೊಡತಕ್ಕದ್ದಲ್ಲ, ಹಾಗೆ ತಿಳಿಸಿದ ಮುಖ್ಯೋಪಾಧ್ಯಾಯರಿಗೆ ಕಿರುಕುಳವಾಗತಕ್ಕದ್ದಲ್ಲ. ಈ ಮೂರು ಮಾತುಗಳನ್ನು ಮುಂದಿನ ಸಭೆಯಲ್ಲಿಯೇ ನಿರ್ಣಯವಾಗಿ ಅಂಗೀಕರಿಸಿ, ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಮಾಡಿರಿ.