ಮನೆ ಕಟ್ಟುವವರ ಮಕ್ಕಳು ಮನೆಯ ನಕ್ಷೆಯನ್ನೂ ಬರೆಯಲಿ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ನಮ್ಮ ಹೊರನಾಡ ಕನ್ನಡಿಗರ ಮನೆಗಳಲ್ಲಿ ನಡೆಯುವ ಚರ್ಚೆಯ ಪರಿಧಿ ಬಹು ಕಿರಿದು. ಮಗ ಅಥವಾ ಮಗಳು ಡಾಕ್ಟರಾಗಬೇಕೇ, ಇಂಜಿನಿಯರಾಗಬೇಕೇ, ಅಂಕಗಳು ಅಷ್ಟಕ್ಕೆ ಸಾಲದೆ ಹೋದರೆ ಕಾಮರ್ಸು ಹಿಡಿದು ನಮ್ಮಂತೆ ಬ್ಯಾಂಕಿನ ಪರೀಕ್ಷೆಗೆ ಕೂರಬೇಕೇ ಎಂಬಲ್ಲಿಗೆ ಅದು ಮುಗಿಯುತ್ತದೆ. ವಾಸ್ತುಶಿಲ್ಪವೆಂಬ ವೃತ್ತಿಯೊಂದಿದೆಯೆಂಬುದು ಮಧ್ಯಮವರ್ಗದ ಮನೆಗಳಲ್ಲಿಯೇ ಅಪರೂಪಕ್ಕೆ ನೆನಪಾಗುವ ಸಂಗತಿ. ಹೋಟೆಲಿನ ಮಾಣಿಗಳ, ಗಾರೆ ಕೆಲಸದವರ, ಮನೆಗೆಲಸದವರ ಮಕ್ಕಳ ಕಿವಿಗಂತೂ ಆ ಶಬ್ದ ಬಿದ್ದೇ ಇರುವುದಿಲ್ಲ. ಬಿದ್ದರೂ ಅದು 'ವಾಸ್ತು' ಎಂಬ ರೂಪದಲ್ಲಿ, ಅಡುಗೆಮನೆ ಆಗ್ನೇಯಕ್ಕಿರಬೇಕೆಂದು ಹೇಳಿ ದಕ್ಷಿಣೆ ಪಡೆಯುವ ಶಾಸ್ತ್ರವಾಗಿ ಬಿದ್ದಿರುತ್ತದೆ. ಗಾಳಿ ಎಲ್ಲಿಂದ ಬರಬೇಕು, ಬೆಳಕು ಎಷ್ಟು ಬೀಳಬೇಕು, ಹತ್ತು ಮನೆಗಳ ನಡುವಣ ಅಂಗಳದಲ್ಲಿ ಮಕ್ಕಳು ಎಲ್ಲಿ ಆಡಬೇಕು, ಮುದುಕರು ಎಲ್ಲಿ ಕೂರಬೇಕು ಎಂಬುದನ್ನು ಲೆಕ್ಕ ಹಾಕಿ ಕಾಗದದ ಮೇಲೆ ಇಳಿಸುವ ವಿದ್ಯೆ ಬೇರೆಯೇ.

ಆರೋಗ್ಯ ಲೇಖನಗಳ ನಡುವೆ ಇದೇಕೆ ಎಂದು ಓದುಗರು ಕೇಳಬಹುದು. ಮುಂಬಯಿಯ ಗೋವಂಡಿ, ಮಾನಖುರ್ದಗಳ ಕಡೆ ಒಮ್ಮೆ ಹೋಗಿಬಂದವರು ಈ ಪ್ರಶ್ನೆಯನ್ನು ಕೇಳಲಾರರು. ರಸ್ತೆ, ರೈಲುಮಾರ್ಗಗಳ ವಿಸ್ತರಣೆಗಾಗಿ ಒಕ್ಕಲೆಬ್ಬಿಸಲ್ಪಟ್ಟ ಸಾವಿರಾರು ಕುಟುಂಬಗಳಿಗೆ ಅಲ್ಲಿ ಪುನರ್ವಸತಿ ಕಟ್ಟಡಗಳನ್ನು ಕಟ್ಟಿಕೊಡಲಾಯಿತು. ತಗಡಿನ ಜೋಪಡಿಯಿಂದ ಸಿಮೆಂಟಿನ ಮನೆಗೆ ಹೋದುದು ಏಳಿಗೆಯೆಂದೇ ಎಲ್ಲರೂ ಭಾವಿಸಿದರು. ಆದರೆ ಲಲ್ಲೂಭಾಯಿ ಕಾಂಪೌಂಡ್, ನಟವರ್ ಪಾರೇಖ್ ಕಾಂಪೌಂಡ್ ಮತ್ತು ಪಿ.ಎಂ.ಜಿ. ಕಾಲೊನಿ ಎಂಬ ಮೂರು ವಸತಿಗಳನ್ನು ವೈದ್ಯರೂ ತಂತ್ರಜ್ಞರೂ ಕೂಡಿ ಅಭ್ಯಸಿಸಿ 2018ರಲ್ಲಿ ಪ್ರಕಟಿಸಿದ ಸಂಗತಿ ಬೇರೆ. ಕಟ್ಟಡ ಕಟ್ಟಡಗಳ ನಡುವಿನ ಅಂತರ ತೀರ ಕಡಿಮೆಯಾಗಿ, ಕೆಳಮಹಡಿಗಳಿಗೆ ಬೆಳಕೂ ಗಾಳಿಯೂ ತಲಪದ ಕಡೆಗಳಲ್ಲಿ ಕ್ಷಯರೋಗದ ಉಪಟಳ ಹೆಚ್ಚಾಗಿತ್ತು. ನಟವರ್ ಪಾರೇಖ್ ಕಾಂಪೌಂಡಿನಲ್ಲಿ ಬಹುಮಹಡಿ ಕಟ್ಟಡಗಳ ನಡುವೆ ಬಿಟ್ಟಿರುವ ತೆರಪು ಸುಮಾರು ಮೂರು ಮೀಟರ್ ಮಾತ್ರ. ಕಿಟಕಿ ತೆರೆದರೆ ಎದುರಿನವರ ಕಿಟಕಿ, ಕೆಳಗೆ ಕಸ. ಆದುದರಿಂದ ಕಿಟಕಿ ಮುಚ್ಚಿಯೇ ಇರುತ್ತದೆ. ಕ್ಷಯದ ರೋಗಾಣು ಗಾಳಿಯ ಮೂಲಕ ಹರಡುವಂಥದು. ಗಾಳಿಯಾಡುವ ಕೋಣೆಯಲ್ಲಿ ಅದು ಚದುರಿಹೋಗುತ್ತದೆ, ನೇರವಾದ ಬಿಸಿಲಿನಲ್ಲಿ ಸಾಯುತ್ತದೆ, ಮುಚ್ಚಿದ ಕತ್ತಲ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಆರು ತಿಂಗಳ ಔಷಧೋಪಚಾರ ಮುಗಿಸಿ ಗುಣಮುಖನಾದ ರೋಗಿ ಮತ್ತೆ ಅದೇ ಕೋಣೆಗೆ ಮರಳಿದರೆ ಪಟ್ಟ ಶ್ರಮವೆಲ್ಲ ಏನಾಯಿತು?

ಇದಕ್ಕೆ ನಕ್ಷೆ ಬರೆದವರೊಬ್ಬರನ್ನೇ ದೂರುವುದು ನ್ಯಾಯವಲ್ಲ. ಮುಂಬಯಿಯ ನೆಲದ ಬೆಲೆ, ಪುನರ್ವಸತಿ ಕಟ್ಟಡಗಳಿಗೆ ತೆರಪಿನ ನಿಯಮಗಳಲ್ಲಿ ದೊರೆತ ರಿಯಾಯಿತಿ, ತಲೆಯೆಣಿಕೆಯ ಒತ್ತಡ ಎಲ್ಲವೂ ಅಲ್ಲಿ ಕೆಲಸ ಮಾಡಿವೆ. ಆದರೂ ಒಂದು ಮಾತು ಉಳಿಯುತ್ತದೆ. ಅಂಥ ಕೋಣೆಯಲ್ಲಿ ಒಂದು ಮಳೆಗಾಲವನ್ನಾದರೂ ಕಳೆದವನು ಆ ಮೇಜಿನ ಸುತ್ತ ಒಬ್ಬನಿದ್ದಿದ್ದರೆ, ಮೂರು ಮೀಟರ್ ಸಾಕೆಂದು ಬರೆಯುವ ಕೈ ಒಂದು ಕ್ಷಣವಾದರೂ ತಡೆಯುತ್ತಿತ್ತು.

ಅನುಭವಿಸಿದವರಿಗೆ ಮಾತ್ರ ತಿಳಿಯುವ ಸಂಗತಿಗಳಿವೆ ಎಂಬುದಕ್ಕೆ ಮುಂಬಯಿ, ಪುಣೆಗಳಲ್ಲಿಯೇ ನಿದರ್ಶನಗಳಿವೆ. 1980ರ ದಶಕದಲ್ಲಿ ಬೈಕಲಾದ ಕಾಲುದಾರಿಗಳ ಮೇಲೆ ವಾಸಿಸುತ್ತಿದ್ದ ಹೆಂಗಸರು, ಸ್ಪಾರ್ಕ್ ಸಂಸ್ಥೆಯ ನೆರವಿನಿಂದ ಮಹಿಳಾ ಮಿಲನ್ ಎಂಬ ಸಂಘಟನೆ ಕಟ್ಟಿಕೊಂಡು ತಮಗೆ ಬೇಕಾದ ಮನೆಯ ಮಾದರಿಯನ್ನು ತಾವೇ ಸಿದ್ಧಪಡಿಸಿದರು. ಅಳತೆಗೆ ಅವರು ಬಳಸಿದ್ದು ತಾವು ಉಡುವ ಸೀರೆಯನ್ನು. ಅವರು ಕೇಳಿದ್ದು ಹದಿನಾಲ್ಕು ಅಡಿ ಎತ್ತರದ ಕೋಣೆ. ಅಟ್ಟವೊಂದನ್ನು ಹಾಕಿಕೊಂಡರೆ ಅಷ್ಟೇ ನೆಲದಲ್ಲಿ ಎರಡು ಕೋಣೆಗಳಾಗುತ್ತವೆ, ಹುಡುಗರು ಮೇಲೆ ಓದಬಹುದು, ಕೆಳಗೆ ಅಡುಗೆಯಾಗಬಹುದು. ಪುಣೆಯಲ್ಲಿ 1999ರಿಂದ ಮಹಾನಗರಪಾಲಿಕೆ ಕೊಳೆಗೇರಿಗಳಲ್ಲಿ ನೂರಾರು ಸಾರ್ವಜನಿಕ ಶೌಚಾಲಯಗಳನ್ನು ಸಂಘಸಂಸ್ಥೆಗಳ ಮೂಲಕ ಕಟ್ಟಿಸಿದಾಗ, ಮಕ್ಕಳಿಗಾಗಿ ಬೇರೆಯೇ ಸಾಲು, ಚಿಕ್ಕ ಅಳತೆಯ ಪೀಠಗಳು ಸೇರಿದುವು. ಏಕೆಂದರೆ ಮುಂಜಾನೆಯ ಸಾಲಿನಲ್ಲಿ ಮಕ್ಕಳನ್ನು ದೊಡ್ಡವರು ಹಿಂದಕ್ಕೆ ನೂಕುತ್ತಾರೆ, ದೊಡ್ಡವರ ಪೀಠದ ಕತ್ತಲ ಗುಂಡಿಗೆ ಮಕ್ಕಳು ಹೆದರುತ್ತಾರೆ, ಕೊನೆಗೆ ಚರಂಡಿಯ ಅಂಚಿನಲ್ಲಿ ಕೂರುತ್ತಾರೆ. ವಾಂತಿಭೇದಿ ಅಲ್ಲಿಂದಲೇ ಮನೆಗೆ ಬರುತ್ತದೆ. ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಿಲ್ಲ. ಆ ಸಾಲಿನಲ್ಲಿ ನಿಂತ ತಾಯಂದಿರು ಹೇಳಿದರು.

ಆ ತಾಯಂದಿರ ಮಾತನ್ನು ಕೇಳುವುದು ಒಳ್ಳೆಯದೇ. ಆದರೆ ಅವರ ಮಕ್ಕಳು ಏಕೆ ಸದಾ ಅಭಿಪ್ರಾಯ ಹೇಳುವವರಾಗಿಯೇ ಉಳಿಯಬೇಕು? ಸಹಿ ಹಾಕುವವರು ಏಕಾಗಬಾರದು? ನಮ್ಮ ದೇಶದಲ್ಲಿ 1972ರ ವಾಸ್ತುಶಿಲ್ಪಿಗಳ ಕಾಯಿದೆಯ ಪ್ರಕಾರ, ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿಯಾಗದವರು ಆ ಹೆಸರನ್ನೇ ಹೇಳಿಕೊಳ್ಳುವಂತಿಲ್ಲ. ಅಂದಮೇಲೆ ಅಧಿಕಾರವಿರುವುದು ಪದವಿಯ ಹತ್ತಿರ.

ಕಲಬುರಗಿ, ವಿಜಯಪುರ, ರಾಯಚೂರು, ಯಾದಗಿರಿಗಳ ಕಡೆಯಿಂದ ಬರಗಾಲಕ್ಕೆ ಬೇಸತ್ತು ಬಂದ ನಮ್ಮ ಜನ ಮುಂಬಯಿ, ಪುಣೆ, ಹೈದರಾಬಾದುಗಳ ಎತ್ತರದ ಕಟ್ಟಡಗಳಿಗೆ ಕಲ್ಲು, ಗಾರೆ ಹೊತ್ತಿದ್ದಾರೆ. ಕಟ್ಟಡ ಮುಗಿದ ದಿನ ಅವರ ಗುಡಾರವನ್ನೂ ಕಿತ್ತುಹಾಕಲಾಗುತ್ತದೆ. ಅವರ ಮಕ್ಕಳು ಜಲ್ಲಿ ರಾಶಿಯ ಪಕ್ಕದಲ್ಲಿಯೇ ಬೆಳೆಯುವುದನ್ನು ಕಂಡು, 1969ರಲ್ಲಿ ದೆಹಲಿಯಲ್ಲಿ ಮೊಬೈಲ್ ಕ್ರೆಶಸ್ ಎಂಬ ಸಂಸ್ಥೆ ಕಟ್ಟಡದ ನಿವೇಶನಗಳಲ್ಲಿಯೇ ಶಿಶುವಿಹಾರಗಳನ್ನು ತೆರೆಯಿತು. ಈ ಮಕ್ಕಳಿಗೆ ಸಿಮೆಂಟಿಗೆ ಮರಳು ಎಷ್ಟು ಬೆರೆಸಬೇಕು, ಹೊಸ ಗೋಡೆಗೆ ಎಷ್ಟು ದಿನ ನೀರು ಹೊಡೆಯಬೇಕು ಎಂಬುದು ಅಕ್ಷರಕ್ಕಿಂತ ಮುಂಚೆಯೇ ಗೊತ್ತು. ಕಾಲೇಜಿನಲ್ಲಿ ಮೂರನೆಯ ವರ್ಷಕ್ಕೆ ಕಲಿಸುವ ಸಂಗತಿಯನ್ನು ಐದನೆಯ ವಯಸ್ಸಿನಲ್ಲಿ ಕಲಿತವರನ್ನು ನಾವು ಅವಿದ್ಯಾವಂತರೆನ್ನುತ್ತೇವೆ!

ಆಫ್ರಿಕದ ಬುರ್ಕಿನಾ ಫಾಸೋ ದೇಶದ ಗಾಂಡೊ ಎಂಬ ಹಳ್ಳಿಯಲ್ಲಿ 1965ರಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆಯವರ ಕಥೆಯನ್ನು ಇಲ್ಲಿ ಹೇಳಲೇಬೇಕು. (ಹೆಸರು ನಮ್ಮ ಕೆರೆಯನ್ನು ನೆನಪಿಗೆ ತಂದರೂ ಸಂಬಂಧವೇನೂ ಇಲ್ಲ.) ಊರಿನಲ್ಲಿ ಶಾಲೆಯಿಲ್ಲದ ಕಾರಣ ಏಳನೆಯ ವಯಸ್ಸಿಗೆ ಮನೆ ಬಿಟ್ಟು ದೂರದ ಪಟ್ಟಣಕ್ಕೆ ಹೋದರು. ನೂರಕ್ಕೂ ಮಿಕ್ಕಿದ ಹುಡುಗರನ್ನು ತುಂಬಿದ, ಒಲೆಯಂತೆ ಕಾಯುವ ಕೋಣೆಯಲ್ಲಿ ಕಲಿತರು. 1985ರಲ್ಲಿ ಬಡಗಿ ಕೆಲಸದ ತರಬೇತಿಗೆಂದು ವಿದ್ಯಾರ್ಥಿವೇತನ ಪಡೆದು ಬರ್ಲಿನ್ ನಗರಕ್ಕೆ ಹೋದರು. ಹಗಲು ಕೆಲಸ, ರಾತ್ರಿ ಶಾಲೆ. ಮುಂದೆ ವಾಸ್ತುಶಿಲ್ಪ ಕಲಿಯುತ್ತಿರುವಾಗಲೇ ಹಣ ಕೂಡಿಸಿ ತಮ್ಮ ಹಳ್ಳಿಗೆ ಶಾಲೆಯೊಂದನ್ನು ಕಟ್ಟಿಸಿದರು. ಅದು 2001ರಲ್ಲಿ ಮುಗಿಯಿತು. ಊರಿನ ಮಣ್ಣಿಗೆ ತುಸು ಸಿಮೆಂಟ್ ಬೆರೆಸಿದ ಇಟ್ಟಿಗೆ, ಚಾವಣಿಯಿಂದ ಮೇಲಕ್ಕೆತ್ತಿ ನಿಲ್ಲಿಸಿದ ತಗಡಿನ ಮಾಡು, ನಡುವೆ ಬಿಸಿಗಾಳಿ ಹೊರಹೋಗಲು ದಾರಿ. ಊರವರೇ ಕಟ್ಟಿದರು. ಆ ಶಾಲೆಗೆ 2004ರಲ್ಲಿ ಆಗಾ ಖಾನ್ ಪ್ರಶಸ್ತಿ ದೊರೆಯಿತು. 2022ರಲ್ಲಿ ಅವರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಸ್‌ಕರ್ ಪ್ರಶಸ್ತಿ ಸಂದಿತು. ಬೇಗೆಯ ಕೋಣೆಯಲ್ಲಿ ಕೂತು ಬೆವರಿದ ಹುಡುಗನೇ ತಂಪಾದ ಕೋಣೆಯನ್ನು ಕಟ್ಟಿದ. ನಾಲ್ಕು ವರ್ಷ ಮೊದಲು, 2018ರಲ್ಲಿ, ಅದೇ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ನಮ್ಮ ಬಿ.ವಿ. ದೋಶಿ. ಇಂದೋರಿನ ಬಡವರಿಗಾಗಿ ಅವರು ಯೋಜಿಸಿದ ಅರಣ್ಯ ವಸತಿಯಲ್ಲಿ ಸಿದ್ಧ ಮನೆಗಿಂತ ಬೆಳೆಯಬಲ್ಲ ಮನೆ ಮುಖ್ಯವಾಯಿತು; ಕುಟುಂಬದ ಕೈ ನಡೆದಂತೆಲ್ಲ ಕೋಣೆಗಳನ್ನು ಸೇರಿಸಿಕೊಳ್ಳುವ ಅವಕಾಶ.

ರಾತ್ರಿಶಾಲೆಯೆಂದರೆ ಮುಂಬಯಿಯ ಕನ್ನಡಿಗರಿಗೆ ವಿವರಿಸಬೇಕಿಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಕಲಿತವರು ವಕೀಲರಾದರು, ಉದ್ಯಮಿಗಳಾದರು, ಸಾಹಿತಿಗಳಾದರು. ಅವರಲ್ಲಿ ವಾಸ್ತುಶಿಲ್ಪಿಗಳಾದವರನ್ನು ಹುಡುಕಿದರೆ ಬೆರಳೆಣಿಕೆಗೂ ಸಿಗುವುದು ಕಷ್ಟ. ಬುದ್ಧಿಯ ಕೊರತೆಯಿಂದಲ್ಲ, ಸಕಾಲದಲ್ಲಿ ಯಾರೂ ಹೇಳದೆ ಹೋದುದರಿಂದ.

ಸಕಾಲ ಎಂಬ ಮಾತಿನ ಮೇಲೆ ನಾನು ಒತ್ತು ಕೊಡುತ್ತೇನೆ. ಐದು ವರ್ಷಗಳ ಬಿ.ಆರ್ಕ್. ಪದವಿಗೆ ಸೇರಲು ಹನ್ನೆರಡನೆಯ ತರಗತಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಓದಿರಬೇಕು. ಮೇಲೆ 'ನಾಟಾ' ಎಂಬ ಅಭಿರುಚಿ ಪರೀಕ್ಷೆ. ಹದಿನಾರನೆಯ ವಯಸ್ಸಿಗೆ ಕಲಾವಿಭಾಗವನ್ನೋ ವಾಣಿಜ್ಯವನ್ನೋ ಆರಿಸಿಕೊಂಡ ಹುಡುಗಿಗೆ ಬಾಗಿಲು ಮುಚ್ಚಿಹೋಗಿರುತ್ತದೆ, ಮುಚ್ಚಿದ್ದು ಆಕೆಗೆ ತಿಳಿಯುವುದೂ ಇಲ್ಲ. ಇನ್ನೊಂದು ದಾರಿಯುಂಟು. ಹತ್ತನೆಯ ತರಗತಿಯ ನಂತರ ಪಾಲಿಟೆಕ್ನಿಕ್‌ನಲ್ಲಿ ಗಣಿತ ಸಹಿತವಾದ ಮೂರು ವರ್ಷಗಳ ಡಿಪ್ಲೊಮಾ ಮಾಡಿದವರೂ ಪದವಿಗೆ ಅರ್ಜಿ ಹಾಕಬಹುದು. ನಡುವೆ ಸಂಪಾದನೆ ಬೇಕಾದವರಿಗೆ ಇದು ಹೆಚ್ಚು ಭದ್ರವಾದ ದಾರಿಯೆಂದು ನನ್ನ ಅಭಿಪ್ರಾಯ. ಐ.ಟಿ.ಐ.ಗಳಲ್ಲಿ ಎರಡು ವರ್ಷಗಳ ಸಿವಿಲ್ ನಕ್ಷೆಗಾರಿಕೆಯ ತರಬೇತಿಯೂ ಇದೆ. ಒಬ್ಬ ಗಾರೆ ಕೆಲಸದವನ ಮಗ ನಕ್ಷೆಗಾರನಾಗುವುದೂ ಸಣ್ಣ ಜಿಗಿತವಲ್ಲ.

ಬಡ ಹುಡುಗನಿಗೆ ಐದು ವರ್ಷಗಳ ಓದು, ಆಮೇಲೆ ಮೊದಲ ಕೆಲವು ವರ್ಷ ಅಲ್ಪ ಸಂಬಳ, ಇದೆಲ್ಲ ಹೊಟ್ಟೆ ತುಂಬಿದವರ ಹವ್ಯಾಸವಲ್ಲವೇ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಅದರಲ್ಲಿ ಸತ್ಯವಿದೆ. ಶುಲ್ಕದ ಜೊತೆಗೆ ಕಾಗದ, ಮಾದರಿಗೆ ರಟ್ಟು, ಗಣಕಯಂತ್ರ ಎಂದು ಖರ್ಚು ಬೆಳೆಯುತ್ತದೆ. ಬ್ಯಾಂಕುಗಳ ಶಿಕ್ಷಣ ಸಾಲದ ಮಾದರಿ ಯೋಜನೆಯಲ್ಲಿ 7.5 ಲಕ್ಷ ರೂಪಾಯಿಗಳವರೆಗೆ ಆಸ್ತಿಯ ಅಡಮಾನ ಬೇಕಿಲ್ಲ. ಮರುಪಾವತಿ ಓದು ಮುಗಿದು ಒಂದು ವರ್ಷದ ನಂತರ ಆರಂಭ. ವಾರ್ಷಿಕ ವರಮಾನ 4.5 ಲಕ್ಷ ಮೀರದ ಕುಟುಂಬಗಳಿಗೆ ನಿಯಮಾನುಸಾರ ಕೇಂದ್ರ ಸರಕಾರದ ಬಡ್ಡಿ ಸಹಾಯವೂ ಇದೆ. ಆದರೆ ಮೇಜಿನ ಈಚೆ ಕೂತು ಇಪ್ಪತ್ತು ವರ್ಷ ಕಂಡ ಅನುಭವದಿಂದ ಹೇಳುತ್ತೇನೆ: ತಂದೆ ಜಂಟಿ ಸಾಲಗಾರನಾಗಿ ಸಹಿ ಹಾಕಬೇಕು, ವಿಳಾಸದ ದಾಖಲೆ ಬೇಕು, ವರಮಾನದ ಪ್ರಮಾಣಪತ್ರ ಬೇಕು. ಕಟ್ಟಡದಿಂದ ಕಟ್ಟಡಕ್ಕೆ ಹೋಗುವವನಿಗೆ ವಿಳಾಸ ಎಲ್ಲಿಯದು? ಇಂಥ ಅರ್ಜಿಗಳು ನಿಯಮದಿಂದಲ್ಲ, ಕಾಗದದ ಕೊರತೆಯಿಂದ ಸಾಯುತ್ತವೆ. ಆ ಕಾಗದಗಳನ್ನು ಒಂದು ವರ್ಷ ಮೊದಲೇ ಜೋಡಿಸಲು ನೆರವಾಗುವ ಇಬ್ಬರು ಸದಸ್ಯರು ಪ್ರತಿ ಕನ್ನಡ ಸಂಘದಲ್ಲಿಯೂ ಸಿಕ್ಕಾರು.

ಲಂಡನ್ನಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟರ ಕಪ್ಪು ವರ್ಣದ ಯುವಕ ವಾಸ್ತುಶಿಲ್ಪಿಯಾಗುವ ಕನಸು ಕಂಡಿದ್ದ. 1993ರ ಏಪ್ರಿಲ್ 22ರಂದು ಬಸ್ಸಿಗಾಗಿ ಕಾಯುತ್ತಿದ್ದಾಗ ವರ್ಣದ್ವೇಷಿಗಳು ಅವನನ್ನು ಇರಿದು ಕೊಂದರು. ಅವನ ಹೆಸರಿನಲ್ಲಿ 1998ರಲ್ಲಿ ಆರಂಭವಾದ ಟ್ರಸ್ಟು, ಅವನಂಥ ಮನೆತನಗಳ ಯುವಕ ಯುವತಿಯರಿಗೆ ಅದೇ ವೃತ್ತಿಯ ದಾರಿ ತೋರಲು ಶ್ರಮಿಸಿತು. ನಮ್ಮಲ್ಲಿ ಗೋವಂಡಿಯ ನಟವರ್ ಪಾರೇಖ್ ಕಾಂಪೌಂಡಿನಲ್ಲಿಯೇ ಕಮ್ಯುನಿಟಿ ಡಿಸೈನ್ ಏಜೆನ್ಸಿ ಎಂಬ ಸಂಸ್ಥೆ ನಿವಾಸಿಗಳೊಡನೆ ಕೂಡಿ ಅಂಗಳ, ಓಣಿಗಳನ್ನು ಸುಧಾರಿಸುವ ಕೆಲಸ ಮಾಡಿದೆ; ಮಕ್ಕಳಿಗಾಗಿ ಕಿತಾಬ್ ಮಹಲ್ ಎಂಬ ವಾಚನಾಲಯವಾಗಿದೆ; 2023ರ ಫೆಬ್ರವರಿಯಲ್ಲಿ ಅಲ್ಲಿನ ಯುವಜನರು ಪಾಲ್ಗೊಂಡ ಗೋವಂಡಿ ಕಲಾ ಉತ್ಸವವೂ ನಡೆಯಿತು. ಹೊರಗಿನವರು ಭಯದಿಂದ ಹೆಸರಿಸುವ ಬಡಾವಣೆಯ ಹುಡುಗರು ತಮ್ಮ ಗೋಡೆಗಳನ್ನು ತಾವೇ ನೋಡಲು ಕಲಿತದ್ದು ಸಾಮಾನ್ಯ ಸಂಗತಿಯಲ್ಲ.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ಪ್ರತಿಭಾ ಪುರಸ್ಕಾರ ನಡೆಸುತ್ತವೆ. ತೊಂಬತ್ತು ದಾಟಿದವರಿಗೆ ಹಾರ, ಹಣ್ಣು, ಲಕೋಟೆ. ಅವರು ಹೇಗೂ ಮುಂದೆ ಹೋಗುವವರೇ. ಆ ವೆಚ್ಚದ ಅರ್ಧವನ್ನು ತೆಗೆದಿಟ್ಟು, ಎಂಟು ಒಂಬತ್ತನೆಯ ತರಗತಿಯ ಇಪ್ಪತ್ತು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ತಲಾ ಒಂದು ಅಳತೆ ಪಟ್ಟಿ, ಚೌಕುಳಿ ಕಾಗದ, ಪೆನ್ಸಿಲು ಕೊಟ್ಟು ನಾಲ್ಕು ಭಾನುವಾರ ಕರೆಯಬಹುದು. ತಾವಿರುವ ಚಾಳಿನ ಕೋಣೆಯನ್ನು ಅಳೆದು ಬರಲಿ. ಮಧ್ಯಾಹ್ನ ಎರಡಕ್ಕೆ ಬೆಳಕು ನೆಲದ ಮೇಲೆ ಎಲ್ಲಿಯವರೆಗೆ ಬೀಳುತ್ತದೆಂದು ಸೀಮೆಸುಣ್ಣದಿಂದ ಗೆರೆ ಎಳೆಯಲಿ. ಗುರುಗಳಾಗಿ ಒಬ್ಬ ವಾಸ್ತುಶಿಲ್ಪಿಯ ಜೊತೆಗೆ ಒಬ್ಬ ಹಿರಿಯ ಮೇಸ್ತ್ರಿಯನ್ನೂ ಸಮನಾದ ಗೌರವಧನ ಕೊಟ್ಟು ಕೂರಿಸಬೇಕು. ಊರಿಗೆ ಹೋದಾಗ ಅಜ್ಜನ ತೊಟ್ಟಿಮನೆಯ ಅಂಗಳವನ್ನು ಅಳೆದುಕೊಂಡು ಬರಲು ಹೇಳಿದರೆ, ಬೇಸಿಗೆಯಲ್ಲಿ ಆ ಮನೆ ಏಕೆ ತಂಪಾಗಿತ್ತೆಂಬುದನ್ನು ಮಕ್ಕಳೇ ಕಂಡುಕೊಂಡಾರು.

ಮೊದಲ ಭಾನುವಾರದ ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಸಂಘಗಳ ಸಭಾಗೃಹಗಳು ಬಹುಪಾಲು ಮೊದಲ ಅಥವಾ ಎರಡನೆಯ ಮಹಡಿಯಲ್ಲಿವೆ. ಮೆಟ್ಟಿಲಿನ ಎತ್ತರವೆಷ್ಟು, ಕೈಹಿಡಿ ಎಲ್ಲಿ ನಿಂತುಹೋಗಿದೆ, ಮಂಡಿನೋವಿನ ಹಿರಿಯರು ಎಷ್ಟನೆಯ ಮೆಟ್ಟಿಲಿನಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾರೆ, ಹೆಂಗಸರ ಶೌಚಾಲಯದ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನು ಆ ಇಪ್ಪತ್ತು ಮಕ್ಕಳು ಅಳೆದು, ನಕ್ಷೆ ಬರೆದು, ಕಾರ್ಯಕಾರಿ ಸಮಿತಿಯ ಮುಂದಿನ ಸಭೆಯಲ್ಲಿ ಮೇಜಿನ ಮೇಲಿಡಲಿ.