ಬಡವಳ ಬಸ್ ಟಿಕೆಟ್ಟಿಗೆ ಒಂದು ತಕ್ಕಡಿ, ಧನಿಕನ ತೆರಿಗೆಗೆ ಇನ್ನೊಂದೇ?

ಪುಕ್ಕಟೆ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ! ಮೈಸೂರಿನ ಕ್ಲಬ್ಬುಗಳಿಂದ ದೆಹಲಿಯ ಗದ್ದುಗೆಯವರೆಗೆ ಇದೇ ಮಂತ್ರ. 2022ರ ಜುಲೈನಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಪುಕ್ಕಟೆ ಹಂಚಿಕೆಯನ್ನು ‘ರೇವಡಿ’ ಎಂದು ಜರಿದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣ ಬೇಡವಾದ ಮೇಲಂತೂ ಈ ಮಂತ್ರಪಠಣ ಇನ್ನೂ ಜೋರಾಗಿದೆ. ಎದುರು ಮಾತನಾಡಿದರೆ, “ಇದು ಅರ್ಥಶಾಸ್ತ್ರ, ನಿಮಗೆ ತಿಳಿಯದು” ಎಂಬ ಉತ್ತರ ಸಿದ್ಧವಾಗಿದೆ.

ತಿಳಿಯದೇನು? ದಿನವೂ ತಕ್ಕಡಿ ಹಿಡಿಯುವ ಸಂತೆಪೇಟೆಯ ವ್ಯಾಪಾರಿಗೆ, ಸಂಬಳವನ್ನು ಮೂವತ್ತು ದಿನಕ್ಕೆ ಹಂಚುವ ಕಾರ್ಮಿಕನಿಗೆ ತಿಳಿಯದ ಲೆಕ್ಕ ಯಾವುದು? ಲಾಭ ಯಾರಿಗೆ? ಹಣ ಯಾರ ಜೇಬಿನದು? ಅದರಿಂದ ಮನುಷ್ಯನ ನಡತೆ ಹೇಗೆ ಬದಲಾಗುತ್ತದೆ? ಇವೇ ಆ ಶಾಸ್ತ್ರದ ಪ್ರಶ್ನೆಗಳು. ಅಮೆರಿಕದ ಗ್ಯಾರಿ ಬೆಕರ್ ಎಂಬ ಪಂಡಿತರು ಮದುವೆ, ಶಿಕ್ಷಣ, ಅಪರಾಧಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿ 1992ರಲ್ಲಿ ನೊಬೆಲ್ ಬಹುಮಾನ ಪಡೆದರು. ತೂಗಲಿ, ನಮ್ಮ ತಕರಾರಿಲ್ಲ. ಆದರೆ ತಕ್ಕಡಿ ಒಂದೇ ಆಗಿರಲಿ.

ಮೊದಲು ಬಸ್ಸನ್ನೇ ತೂಗೋಣ. ಮನೆಯಲ್ಲಿ ಮಲಗಿದವಳಿಗೆ ಶಕ್ತಿ ಯೋಜನೆಯಿಂದ ಒಂದು ಕಾಸೂ ದಕ್ಕದು. ಎದ್ದು ಹೊರಟವಳಿಗೆ ಮಾತ್ರ ಅದರ ಫಲ. ಹೊರಡುವುದನ್ನು ಅಗ್ಗಮಾಡುವ ಯೋಜನೆ ಸೋಮಾರಿತನ ಕಲಿಸುವುದು ಹೇಗೆ? ನರಸಿಂಹರಾಜ ಮೊಹಲ್ಲಾದ ಮನೆಯಲ್ಲಿ ಕುಳಿತು ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಣ್ಣುಮಗಳನ್ನು ನೋಡಿ. ದಿನಕ್ಕೆ 40 ರೂಪಾಯಿ ಬಸ್ ಚಾರ್ಜು ಎಂದಿಟ್ಟುಕೊಂಡರೆ 25 ದಿನಕ್ಕೆ 1,000 ರೂಪಾಯಿ. ಆ ಸಾವಿರದ ಗೋಡೆ ಇರುವವರೆಗೆ ಗುತ್ತಿಗೆದಾರ ಕೊಟ್ಟದ್ದೇ ಕೂಲಿ. ಗೋಡೆ ಬಿದ್ದರೆ ಹೆಬ್ಬಾಳದ ಕಾರ್ಖಾನೆಯೂ, ನಂಜನಗೂಡಿನ ಕಾರ್ಖಾನೆಯೂ ಅವಳಿಗೆ ಹತ್ತಿರ. “ಈ ಕೂಲಿಗೆ ನಾನು ಬರಲಾರೆ” ಎನ್ನುವ ಬಾಯಿ ಅವಳಿಗೆ ಬರುತ್ತದೆ. ಕೆಲವರ ಕೋಪಕ್ಕೆ ಕಾರಣ ಅವಳ ಸೋಮಾರಿತನವಲ್ಲ, ಈ ಬಾಯಿ!

ಇನ್ನು ಧನಿಕನ ಸರದಿ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿಗಳ ಮೂಲ ತೆರಿಗೆ ದರವನ್ನು ಶೇಕಡಾ 22ಕ್ಕೆ, ಹೊಸ ಕಾರ್ಖಾನೆ ಕಂಪನಿಗಳಿಗೆ ಶೇಕಡಾ 15ಕ್ಕೆ ಇಳಿಸಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1,45,000 ಕೋಟಿ ರೂಪಾಯಿ ಖೋತಾ ಎಂದು ಸರ್ಕಾರವೇ ಅಂದಾಜು ಮಾಡಿತ್ತು. ಇದನ್ನು ರೇವಡಿ ಎಂದವರುಂಟೆ? ಇದರ ಹೆಸರು ‘ಉತ್ತೇಜನ’! ಕೊಟ್ಟರೆ ಧನಿಕ ಚುರುಕಾಗುತ್ತಾನಂತೆ, ಬಡವಳು ಮೈಗಳ್ಳಿಯಾಗುತ್ತಾಳಂತೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸುವ ಶಾಸ್ತ್ರವಿದು.

ರಾಜ್ಯ ಸರ್ಕಾರವನ್ನೂ ನಾವು ಬಿಡುವುದಿಲ್ಲ. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿತು. ಅಕ್ಕನಿಗೆ ಬಿಟ್ಟ ಹಣವನ್ನು ಅಣ್ಣನ ಜೇಬಿನಿಂದ ಕೀಳುವುದು ಸಮಾಜವಾದವಲ್ಲ. 2025ರ ಜುಲೈನಲ್ಲಿ 500 ಕೋಟಿ ಉಚಿತ ಟಿಕೆಟ್ಟಿನ ಉತ್ಸವ ನಡೆಯಿತು. ಮುಂದಿನ ತಿಂಗಳೇ, ಆಗಸ್ಟ್ 5ರಂದು, ಆ ಬಸ್ಸುಗಳನ್ನು ಓಡಿಸುವ ನೌಕರರು 38 ತಿಂಗಳ ವೇತನ ಬಾಕಿ ಕೇಳಿ ಮುಷ್ಕರಕ್ಕೆ ಇಳಿಯಬೇಕಾಯಿತು. ಆಟೋ ಚಾಲಕರ ನಷ್ಟವೂ ಸುಳ್ಳಲ್ಲ. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ವಾಹನಗಳು ನಿಂತದ್ದು ಅದಕ್ಕಾಗಿಯೇ. ಒಬ್ಬ ಬಡವನ ಹೊರೆಯನ್ನು ಇನ್ನೊಬ್ಬ ಬಡವನ ತಲೆಗೆ ದಾಟಿಸಿದರೆ ಲೆಕ್ಕ ಸರಿಹೋಗದು.

1963ರಲ್ಲಿ ಡಾ. ಲೋಹಿಯಾ ಲೋಕಸಭೆಯಲ್ಲಿ ನಿಂತು, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ನೆಹರೂ ಅವರು ಹದಿನೈದಾಣೆ ಎಂದರು. ಪ್ರಧಾನಿಯೊಬ್ಬರ ಮೇಲೆ ದಿನಕ್ಕೆ 25,000 ರೂಪಾಯಿ ವೆಚ್ಚವಾಗುತ್ತಿದೆ ಎಂದೂ ಲೋಹಿಯಾ ಆಪಾದಿಸಿದ್ದರು. ಅವರು ಮಾಡಿದ್ದೂ ಅರ್ಥಶಾಸ್ತ್ರವೇ. ಆದರೆ ಅವರು ಅಳತೆಗೋಲನ್ನು ಗುಡಿಸಲಿಗೆ ಹಿಡಿದಂತೆ ಗದ್ದುಗೆಗೂ ಹಿಡಿದರು.

ನಮ್ಮ ಬೇಡಿಕೆ ಇಷ್ಟೆ. ಉಚಿತ ಟಿಕೆಟ್ಟಿನ ಪೂರ್ಣ ಹಣವನ್ನು ಸಾರಿಗೆ ನಿಗಮಗಳಿಗೆ ಸರ್ಕಾರ ತಿಂಗಳು ತಿಂಗಳೂ ಕಟ್ಟಲಿ. ಏರಿಸಿದ ದರ ಇಳಿಯಲಿ. ನೌಕರರ ಬಾಕಿ ಉಳಿಯದಿರಲಿ. ಕೆಲಸದ ಹೊತ್ತಿಗೆ ಮೇಟಗಳ್ಳಿಗೂ ನಂಜನಗೂಡಿಗೂ ಹೆಚ್ಚು ಬಸ್ಸು ಓಡಲಿ. ಆಟೋ ಚಾಲಕರಿಗೆ ಪರಿಹಾರ ಸಿಗಲಿ. ಹಣವೆಲ್ಲಿ ಎಂದು ಕೇಳುವವರು ಕಂಪನಿಗಳಿಗೆ ಬಿಟ್ಟುಕೊಟ್ಟ ತೆರಿಗೆಯ ಲೆಕ್ಕವನ್ನು ಮೊದಲು ತೆಗೆಯಲಿ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ! ಟಿಕೆಟ್ಟಿನಲ್ಲಿ ಉಳಿದ ಸಾವಿರ ರೂಪಾಯಿ ಸ್ವಿಸ್ ಬ್ಯಾಂಕಿಗೆ ಹೋಗುವುದಿಲ್ಲ. ಅದು ಅಕ್ಕಿಯಾಗಿ, ಸೊಪ್ಪಾಗಿ, ಮಕ್ಕಳ ಪುಸ್ತಕವಾಗಿ ದೇವರಾಜ ಮಾರುಕಟ್ಟೆಗೇ, ನಿಮ್ಮ ಅಂಗಡಿಗೇ ಬರುತ್ತದೆ. “ಪುಕ್ಕಟೆ” ಎಂದು ಹೀಗಳೆಯುವವರು ಸಿಕ್ಕಾಗ ಒಂದೇ ಪ್ರಶ್ನೆ ಕೇಳಿ: ಸ್ವಾಮಿ, ನಿಮ್ಮ ತಕ್ಕಡಿಯ ಇನ್ನೊಂದು ತಟ್ಟೆ ಎಲ್ಲಿ?