ಯುದ್ಧ ಮುಗಿದರೂ ಮುಗಿಯದ ಕಂಟ್ರೋಲು

ನಮ್ಮ ಕಡೆ ತರಗು ಎಂದರೆ ಗೊಬ್ಬರದ ಗುಂಡಿಗೆ ಹಾಕುವ ಒಣಗಿದ ಎಲೆ. ಬೆಂಗಳೂರಿನಲ್ಲಿ ತರಗುಪೇಟೆ ಎಂದರೆ ಅಕ್ಕಿ, ಬೇಳೆಗಳ ಸಗಟು ಮಂಡಿಗಳ ಬೀದಿ. ಕಾಫಿ, ಅಡಿಕೆ ಬೆಳೆಯುವ ನಮಗೂ ಆ ಬೀದಿಗೂ ಏನು ಸಂಬಂಧವೆಂದು ಸದಸ್ಯರು ಕೇಳಬಹುದು. ಯುದ್ಧದ ಹೆಸರಿನಲ್ಲಿ ಸರ್ಕಾರ ಕೈಗೆ ತೆಗೆದುಕೊಂಡ ಅಧಿಕಾರವನ್ನು ಯುದ್ಧ ಮುಗಿದ ಮೇಲೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ ಎಂಬುದನ್ನು ಮಂಡಿಯವರೂ ನಾವೂ ಒಟ್ಟಿಗೇ ಅನುಭವಿಸಿದ್ದೇವೆ.

ಆ ಪೇಟೆಗೆ ಯುದ್ಧ ಹೊಸದಲ್ಲ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಸೇನೆ ಕೋಟೆಗೆ ಲಗ್ಗೆ ಹಾಕುವ ಮುನ್ನ ಪೇಟೆಯನ್ನು ಹಿಡಿದು ಲೂಟಿ ಮಾಡಿತು. ಲೂಟಿಗಾದರೂ ಒಂದು ಕೊನೆ ಇರುತ್ತದೆ. 1939ರಲ್ಲಿ ಶುರುವಾದ ಯುದ್ಧ ಬೇರೆ ಬಗೆಯದು. ಬೆಂಗಳೂರಿನ ಮೇಲೆ ಗುಂಡು ಬೀಳಲಿಲ್ಲ. ಬಂದದ್ದು ಕಂಟ್ರೋಲು, ರೇಷನ್ನು, ಪರ್ಮಿಟ್ಟು. ಭಾರತ ರಕ್ಷಣಾ ನಿಯಮಗಳ ಅಧಿಕಾರ ಯುದ್ಧದೊಡನೆ ಮುಗಿಯಬೇಕಿತ್ತು. 1946ರಲ್ಲಿ ಅದರ ಜಾಗಕ್ಕೆ ಅವಶ್ಯಕ ಸರಬರಾಜು ಕಾಯ್ದೆ ಬಂತು. ಅದರ ಹೆಸರಿನಲ್ಲೇ 'ತಾತ್ಕಾಲಿಕ ಅಧಿಕಾರ' ಎಂಬ ಮಾತಿತ್ತು. 1955ರ ಅವಶ್ಯಕ ವಸ್ತುಗಳ ಕಾಯ್ದೆಯಲ್ಲಿ ಆ 'ತಾತ್ಕಾಲಿಕ' ಮಾಯವಾಯಿತು, ಅಧಿಕಾರ ಉಳಿಯಿತು.

ಕಾಫಿಯ ಕಥೆಯೂ ಇದೇ. ಯೂರೋಪಿನ ಮಾರುಕಟ್ಟೆ ಮುಚ್ಚಿದಾಗ 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಯ್ದೆ ಬಂದವು. ಬೆಳೆದ ಕಾಫಿಯನ್ನೆಲ್ಲ ಪೂಲಿಗೆ ಹಾಕಬೇಕು, ಮನೆಖರ್ಚಿಗೆ ಒಂದಿಷ್ಟು ಇಟ್ಟುಕೊಳ್ಳಬಹುದು, ಹಣ ಕಂತುಕಂತಾಗಿ ಬರುತ್ತದೆ. ಆ ಹೊತ್ತಿಗೆ ಪೂಲು ನಮ್ಮನ್ನು ಉಳಿಸಿತೆಂಬುದರಲ್ಲಿ ಅನುಮಾನವಿಲ್ಲ. ಯುದ್ಧ 1945ರಲ್ಲಿ ಮುಗಿಯಿತು. ಪೂಲು ಪೂರ್ತಿ ಹೋದದ್ದು 1996ರಲ್ಲಿ. 2001ರ ಸುಮಾರಿಗೆ ಬೆಲೆ ನೆಲ ಕಚ್ಚಿದಾಗ 'ಪೂಲೇ ವಾಸಿಯಿತ್ತು' ಎಂದ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಐವತ್ತು ವರ್ಷ ಪೂಲು ಬೇಕೋ ಬೇಡವೋ ಎಂದು ಎರಡೆಕರೆಯ ಬೆಳೆಗಾರನನ್ನು ಯಾರು ಕೇಳಿದರು?

ಇದೆಲ್ಲ ಹಳೆಯ ಮಾತೆನ್ನುವವರು 2023ನ್ನು ನೆನೆಯಲಿ. ಜೂನ್‌ನಲ್ಲಿ ತೊಗರಿ, ಉದ್ದಿಗೆ ದಾಸ್ತಾನು ಮಿತಿ ಹಾಕಿದರು: ಸಗಟು ವ್ಯಾಪಾರಿಗೆ 200 ಟನ್. ಗಡುವು ಅಕ್ಟೋಬರ್ ಕೊನೆ. ಸೆಪ್ಟೆಂಬರ್‌ನಲ್ಲಿ ಮಿತಿಯನ್ನು 50 ಟನ್‌ಗೆ ಇಳಿಸಿದರು, ಗಡುವನ್ನು ಡಿಸೆಂಬರ್ ಕೊನೆಗೆ ತಳ್ಳಿದರು. ಕಾಯ್ದೆ ಅದೇ 1955ರದ್ದು. ಪಟ್ಟಣದವರ ಬೇಳೆ ಅಗ್ಗವಾಗಬೇಕೆಂಬುದು ನ್ಯಾಯವೇ. ಆದರೆ ಕಲಬುರಗಿಯ ತೊಗರಿ ಕೊಯ್ಲಿಗೆ ಬರುವುದು ಡಿಸೆಂಬರ್‌ನಲ್ಲಿ. ಕೊಳ್ಳುವವನ ಗೋದಾಮಿಗೆ ಬೀಗ ಹಾಕಿದರೆ ಕಣದಲ್ಲಿ ಬೆಲೆ ಏನಾಗುತ್ತದೆಂದು ಅಡಿಕೆ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ.

ಯುದ್ಧವಿಲ್ಲದಾಗ ಊರು ಬೆಳೆದದ್ದೇ ಅಪ್ಪಣೆಗೆ ಕಾರಣವಾಗುತ್ತದೆ. ಎತ್ತಿನಗಾಡಿಗೆಂದು ಬಿಟ್ಟ ಓಣಿಯಲ್ಲಿ ಲಾರಿ ತಿರುಗದು. ಸಗಟು ವ್ಯಾಪಾರದ ಬಹುಪಾಲನ್ನು ಯಶವಂತಪುರದ ಪ್ರಾಂಗಣಕ್ಕೆ ಕಳಿಸಿದರು. ಅದೂ ಇಕ್ಕಟ್ಟಾಗಿ ಈಗ ದಾಸನಪುರದಲ್ಲಿ ಉಪಪ್ರಾಂಗಣ. ತರಗುಪೇಟೆಯ ಮಗ್ಗುಲಲ್ಲೇ, ಮಾರುಕಟ್ಟೆಯ ನೆಲದಡಿಯಲ್ಲಿ, 2017ರಿಂದ ಮೆಟ್ರೋ ಓಡುತ್ತಿದೆ. ಅನುಕೂಲವಾಯಿತು, ನಿಜ. ಮಂಡಿ ದೂರವಾದಾಗ ಬಾಡಿಗೆ ಕೊಡುವವನು ಮಾಲು ತರುವ ರೈತ. ಕೆಲಸ ಕಳೆದುಕೊಳ್ಳುವವನು ಮೂಟೆ ಹೊರುವ ಹಮಾಲಿ. ಇವರಿಬ್ಬರೂ ನಕ್ಷೆಯಲ್ಲಿ ಕಾಣುವುದಿಲ್ಲ.

ಮುಂದೆಯೂ ಯುದ್ಧಗಳು ಬರುತ್ತವೆ. ಉಕ್ರೇನಿನ ಯುದ್ಧ ಶುರುವಾದ 2022ರಲ್ಲಿ ಪೊಟಾಷ್ ಚೀಲಕ್ಕೆ 1,700 ರೂಪಾಯಿ ಇತ್ತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ದಾಳಿಯಾಗಿ, ಯೂರೋಪಿಗೆ ಹೋಗುವ ನಮ್ಮ ಕಾಫಿಯ ಹಡಗುಗಳು ಆಫ್ರಿಕವನ್ನು ಸುತ್ತಬೇಕಾಯಿತು. ಇಂಥ ಹೊತ್ತಿನಲ್ಲಿ ಸರ್ಕಾರ ಕೈಕಟ್ಟಿ ಕೂರಲೆಂದು ನಾವು ಹೇಳುವುದಿಲ್ಲ. ದಾಸ್ತಾನು ಮಿತಿಯಾಗಲಿ, ರಫ್ತು ತಡೆಯಾಗಲಿ, ಆಜ್ಞೆಯಲ್ಲಿ ಬರೆದ ಕೊನೆಯ ದಿನಕ್ಕೆ ಅದು ಮುಗಿಯಬೇಕು. ಮುಂದುವರಿಸಬೇಕಾದರೆ ಸಂಸತ್ತಿನಲ್ಲಿ ಕಾರಣ ಹೇಳಬೇಕು, ಅದಕ್ಕೆ ಮೊದಲು ಬೆಳೆಗಾರರ ಸಹಕಾರ ಸಂಘಗಳನ್ನು ಕೇಳಬೇಕು. ಈ ಅರ್ಥದ ನಿರ್ಣಯವನ್ನು ವಾರ್ಷಿಕ ಮಹಾಸಭೆಯಲ್ಲಿ ಮಂಡಿಸಬೇಕೆಂದಿದ್ದೇವೆ. ಪೂಲಿನ ಪರವಾಗಿ ಮಾತಾಡುವ ಹಿರಿಯರು ತಪ್ಪದೆ ಬರಬೇಕು.